ಒಳಗೇ ಉಳಿದ ಈಡು

ಕಳ್ಳಿಮೇಡಿನ ಗೌಡರ ಹಿರಿಯರು ಈ ಸೀಮೆಗೆ ಬಂದದ್ದು ಒಂದು ಸದ್ದಿನ ಹಿಂದೆ. ಕನ್ನಡ ನಾಡಿನಿಂದ ಗಾಡಿ ಕಟ್ಟಿಕೊಂಡು, ಹುಲ್ಲಿನಡಿ ಒಂದು ಕೋವಿ ಬಚ್ಚಿಟ್ಟುಕೊಂಡು, ಕಾವೇರಿ ದಾಟಿ, ಭವಾನಿ ದಾಟಿ, ನೆಗಮಂ ಆಚೆಯ ಈ ಹತ್ತಿ ಬೆಳೆಯುವ ಮಣ್ಣಿಗೆ ಬರುವಷ್ಟರಲ್ಲಿ ಎತ್ತುಗಳು ಮಂಡಿಯೂರಿ ಕುಳಿತವಂತೆ. ಇನ್ನೆಲ್ಲಿಗೆ ತಾಯೀ ಎಂದು ಹಿರಿಯನೊಬ್ಬ ಆಕಾಶಕ್ಕೆ ಒಂದು ಈಡು ಹಾರಿಸಿದ. ಆ ಸದ್ದು ಬಯಲಿನ ಮೇಲೆ ಉರುಳುತ್ತಾ ಹೋಗಿ ಬೇವಿನ ಮರದಡಿಯ ಒಂದು ಹುತ್ತದ ಬಳಿ ಅಡಗಿತು. ಅಲ್ಲಿ ಕೂತಿದ್ದಳು ಅಮ್ಮ. ಸುತ್ತಲಿನವರು ಅವಳನ್ನು ತಮಿಳಿನಲ್ಲಿ ಏನೇನೋ ಹೆಸರಿಟ್ಟು ಕರೆಯುತ್ತಾರೆ. ಗೌಡರ ಮನೆಗಳೊಳಗೆ ಮಾತ್ರ ಅವಳು ಇವತ್ತಿಗೂ ಹುತ್ತದಮ್ಮ.

ಅಂದಿನಿಂದ ಪೊಂಗಲಿನ ಮಾರನೆಯ ದಿನ ದನದ ಪೂಜೆ ಮುಗಿಸಿ, ಅದರ ಮಾರನೆಯ ಬೆಳಿಗ್ಗೆ ಪಂಗಾಳಿಗಳೆಲ್ಲ, ಎಂದರೆ ಒಂದೇ ಬಳ್ಳಿಯ ದಾಯಾದಿಗಳೆಲ್ಲ, ಆ ಬೇವಿನ ತೋಪಿನಲ್ಲಿ ಸೇರುತ್ತಾರೆ. ಹೆಂಗಸರು ಒಲೆ ಹೂಡಿ ಪೊಂಗಲ್ ಇಡುತ್ತಾರೆ. ಗಂಡಸರು ತಂತಮ್ಮ ಮನೆಯ ಹಳೆಯ ಕೋವಿ ತಂದು, ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿ ಇಡುತ್ತಾರೆ. ಒಡೆದ ಕಾಯಿ ಅಮ್ಮನಿಗೆ. ಮೊದಲ ಈಡು ದೊಡ್ಡಮನೆಯದು. ದೊಡ್ಡಮನೆ ಎಂದರೆ ಸುಬ್ಬಯ್ಯನ್ ಗೌಡರ ಮನೆ. ಆ ಮನೆಯಲ್ಲಿ ಈಗ ಉಳಿದಿದ್ದವಳು ಅವರ ಹೆಂಡತಿ ಪೆರಿಯನಾಯಕಿ ಒಬ್ಬಳೇ.

ಪೆರಿಯನಾಯಕಿಗೆ ಮಕ್ಕಳಿರಲಿಲ್ಲ. ಮೊದಲು ಇದ್ದದ್ದು ನೆಲಗಡಲೆ ಬೆಳೆಯುವ ಒಂದಷ್ಟು ಭೂಮಿ, ಒಂದು ಬಾವಿ, ಅದರ ದಂಡೆಯ ಮೇಲೊಂದು ಮೊಂಡು ಗೋಡೆ, ಗಂಡ, ಗಂಡನ ಕೋವಿ. ಆ ಕೋವಿ ಈಗಿನ ಬಂದೂಕಿನ ಹಾಗೆ ಮಡಚಿ ತೆರೆದು ತೋಟಾ ತುರುಕುವಂಥದ್ದಲ್ಲ. ಬಾಯಿಯಿಂದಲೇ ಉಣ್ಣಿಸಬೇಕು. ಮೊದಲು ಬಿದಿರಿನ ಅಳತೆಯಲ್ಲಿ ಮದ್ದು. ಅದರ ಮೇಲೆ ಉಂಡೆ ಮಾಡಿದ ತೆಂಗಿನ ನಾರು. ಗಜವೆನ್ನುವ ಕಬ್ಬಿಣದ ಕೋಲಿನಿಂದ ಅದನ್ನು ಗಟ್ಟಿಯಾಗಿ ಜಡಿದು, ಸೀಸದ ಗುಂಡು. ಮತ್ತೆ ನಾರು. ಕಡೆಗೆ, ಹಿಂಬದಿಯಲ್ಲಿ ಮೊಳಕೆಯ ಹಾಗೆ ಎದ್ದು ನಿಂತ ಕಬ್ಬಿಣದ ತುಣುಕಿನ ಮೇಲೆ ತಾಮ್ರದ ಕೇಪು. ಆ ಮೊಳಕೆಯ ನೆತ್ತಿಯಲ್ಲಿ ಸೂಜಿ ಹೋಗುವಷ್ಟು ತೂತು. ಅದನ್ನು ಕೋವಿಯ ಕಿವಿ ಎನ್ನುತ್ತಿದ್ದರು. ಕುದುರೆ ಎನ್ನುವ ಕಬ್ಬಿಣದ ಸುತ್ತಿಗೆ ಬಂದು ಕೇಪಿಗೆ ಬಡಿದರೆ ಕಿಡಿ ಆ ಕಿವಿಯಿಂದ ಒಳಗೆ ಇಳಿಯಬೇಕು.

"ಅದಕ್ಕೆ ಕಿವೀಲಿ ಹೇಳಿದ್ರೇ ಕೇಳೋದು. ಕೂಗಾಡಿದ್ರೆ ಕೇಳಲ್ಲ" ಎಂದು ಸುಬ್ಬಯ್ಯನ್ ನಗುತ್ತಿದ್ದ.

ಅವನು ಆ ಕೋವಿಯಿಂದ ಒಂದು ಮೊಲವನ್ನೂ ಕೊಂದವನಲ್ಲ. ಲೈಸೆನ್ಸಿನಲ್ಲಿ ಬೆಳೆ ಕಾಯುವುದಕ್ಕೆ ಎಂದಿತ್ತು. ಹಂದಿಗಳು ಕಡಲೆಗೆ ಬಂದಾಗ ಆಕಾಶಕ್ಕೆ ಹಾರಿಸುತ್ತಿದ್ದ. ಹಂದಿಗಳೂ ಅದನ್ನು ಅರ್ಥ ಮಾಡಿಕೊಂಡು ಹೋಗುತ್ತಿದ್ದವು. ಉಳಿದಂತೆ ಅದು ಗಂಡ ಹೆಂಡಿರ ಆಟ. ಸಂಜೆ ಕೆಲಸ ಮುಗಿದ ಮೇಲೆ ಬಾವಿಯ ಮೊಂಡು ಗೋಡೆಯ ಮೇಲೆ ಒಡಕು ಹೆಂಚನ್ನು ನಿಲ್ಲಿಸಿ, ಒಂದು ಈಡು ಅವನು, ಒಂದು ಈಡು ಅವಳು. ಒಂದು ಸಲ ತುಂಬಿಸುವುದಕ್ಕೆ ಎಲೆಯಡಿಕೆ ಹಾಕಿಕೊಂಡು ಮುಗಿಸುವಷ್ಟು ಹೊತ್ತು. ಅವಸರಕ್ಕೆ ಒಗ್ಗದ ಆಟ. ಮೊದಮೊದಲು ಪೆರಿಯನಾಯಕಿಯ ಭುಜ ನೀಲಿಯಾಗುತ್ತಿತ್ತು. ಆಮೇಲೆ ಸುಬ್ಬಯ್ಯನ್ ಸೋಲತೊಡಗಿದ. ಸೋತಾಗ ಅವನ ಮುಖದಲ್ಲಿ ಕಾಣುತ್ತಿದ್ದ ಸಂತೋಷವನ್ನು ನೋಡುವುದಕ್ಕೆಂದೇ ಅವಳು ಇನ್ನಷ್ಟು ಚೆನ್ನಾಗಿ ಗುರಿ ಇಡುತ್ತಿದ್ದಳು.

ಅವಳ ಮನಸ್ಸಿಗೆ ಅದು ಪೂಜೆಯ ಹಾಗೆಯೇ ಕಾಣುತ್ತಿತ್ತು. ದೀಪ ಹಚ್ಚುವುದಕ್ಕೆ ಮುಂಚೆ ಬತ್ತಿ, ಬತ್ತಿಗೆ ಮುಂಚೆ ಎಣ್ಣೆ, ಎಣ್ಣೆಗೆ ಮುಂಚೆ ತೊಳೆದ ಹಣತೆ. ಒಂದು ಹಿಂದುಮುಂದಾದರೂ ಬೆಳಕಿಲ್ಲ. ಎಲ್ಲವನ್ನೂ ಅದರದರ ಸರದಿಯಲ್ಲಿ ಮಾಡಿ, ಉಸಿರು ಹಿಡಿದು, ಬೆರಳು ಮಡಚಿದ ಆ ಗಳಿಗೆಯಲ್ಲಿ ಅವಳೊಳಗೆ ಬೇರೆ ಯಾವ ಸದ್ದೂ ಇರುತ್ತಿರಲಿಲ್ಲ. ಮಕ್ಕಳಿಲ್ಲವಲ್ಲ ಎಂಬ ಮಾತೂ ಇರುತ್ತಿರಲಿಲ್ಲ. ಆಮೇಲೆ ಢಂ ಎಂದು ಲೋಕ ತೆರೆದುಕೊಳ್ಳುತ್ತಿತ್ತು.

ಸುಬ್ಬಯ್ಯನ್ ತೀರಿಕೊಂಡ. ಆ ವರ್ಷ ಸೂತಕದ ಮನೆಯೆಂದು ದೊಡ್ಡಮನೆಯ ಕೋವಿ ತೋಪಿಗೆ ಹೋಗಲಿಲ್ಲ. ಪೆರಿಯನಾಯಕಿ ಬಿಳಿ ಸೀರೆ ಉಟ್ಟುಕೊಂಡು ತಾಲ್ಲೂಕು ಕಚೇರಿಗೆ ಅಲೆದು ಅಲೆದು ಲೈಸೆನ್ಸನ್ನು ತನ್ನ ಹೆಸರಿಗೆ ಮಾಡಿಸಿಕೊಂಡಳು. ಅಷ್ಟರಲ್ಲಿ ಎಂಬತ್ತನಾಲ್ಕರ ಚುನಾವಣೆ ಬಂತು. ಊರ ಕೋವಿಗಳನ್ನೆಲ್ಲ ಸ್ಟೇಷನ್ನಿಗೆ ಒಪ್ಪಿಸಿ ಎಂದರು. ಅವಳು ಕೋವಿಯನ್ನು ತನ್ನದೊಂದು ಹಳೆಯ ನೆಗಮಂ ಸೀರೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲ ಮೇಲೆ ಅಡ್ಡ ಮಲಗಿಸಿಕೊಂಡು ಹೋಗಿ ಒಪ್ಪಿಸಿ ಬಂದಳು. ಪೊಂಗಲ್ ಹತ್ತಿರವಾದಾಗ ವಾಪಸು ಕೊಟ್ಟರು. ನಳಿಗೆಯ ಮೇಲೆ ಸಣ್ಣಗೆ ತುಕ್ಕು ಹಿಡಿದಿತ್ತು.

ಅವಳು ಅಂಗಳದಲ್ಲಿ ಕುಳಿತು ಬೂದಿಯಿಂದ ಉಜ್ಜಿ, ಎಣ್ಣೆ ಸವರುತ್ತಿದ್ದಾಗಲೇ ನಟರಾಜನ್ ಬಂದ. ಜೊತೆಗೆ ಅಯ್ಯಾಸಾಮಿ ಗೌಡರು.

ನಟರಾಜನ್ ಸುಬ್ಬಯ್ಯನ ಚಿಕ್ಕಪ್ಪನ ಮಗ. ಕುರಿಚಿಯಲ್ಲಿ ಪಂಪಿನ ಎರಕ ಮಾಡುವ ಸಣ್ಣ ಫೌಂಡ್ರಿ ಇಟ್ಟುಕೊಂಡಿದ್ದ. ಊರಿಗೆ ಬಂದರೆ ರಾಜದೂತ್ ಮೋಟಾರ್ ಸೈಕಲ್ಲಿನ ಸದ್ದು ಅವನಿಗಿಂತ ಮೊದಲು ಬರುತ್ತಿತ್ತು. ಅಯ್ಯಾಸಾಮಿ ಗೌಡರು ಪಂಗಾಳಿಗಳಿಗೆಲ್ಲ ಹಿರಿಯರು, ಪೆರಿಯನಾಯಕಿಗೆ ಚಿಕ್ಕಮಾವ.

"ಅತ್ತಿಗೆ, ತುಪಾಕಿ ಬಂತಂತೆ?" ಎಂದ ನಟರಾಜನ್, ಅದು ಎದುರಿಗೇ ಇದ್ದರೂ.

"ಬಂತಪ್ಪ. ಜ್ವರ ಬಂದ ಕೂಸಿನಂಗೆ ಬಂದದೆ. ಕೂತ್ಕೋ, ಕಾಪಿ ಕುಡಿ."

"ಕಾಪಿ ಇರ್ಲಿ. ದೊಡ್ಡಪ್ಪ, ನೀವೇ ಹೇಳಿ."

ಅಯ್ಯಾಸಾಮಿ ಗೌಡರು ಹೆಗಲ ಮೇಲಿನ ತುಂಡುವಸ್ತ್ರವನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದರು. "ಅಮ್ಮಣಿ, ಕೋಪ ಮಾಡ್ಕೋಬೇಡ. ಸುಬ್ಬಯ್ಯ ಇದ್ದಾಗ ಮಾತು ಬೇರೆ. ಈಗ ಆ ತುಪಾಕಿ ನಟರಾಜನ ಕೈಲಿದ್ರೆ ಚೆಂದ. ಮೊದಲ ಈಡು ದೊಡ್ಡಮನೇದು ನಿಂತೋಗಬಾರ್ದಲ್ಲ."

"ಯಾಕೆ ನಿಂತೋಯ್ತದೆ? ನಾನಿಲ್ವಾ?"

"ಅದೇ ಅಲ್ವಾ ಅತ್ತಿಗೆ ಕಷ್ಟ" ಎಂದು ನಟರಾಜನ್ ದನಿ ತಗ್ಗಿಸಿದ. "ಬಿಳಿ ಸೀರೆ ಉಟ್ಟವ್ರು ಅಮ್ಮನ ಮುಂದೆ ಮೊದಲ ಈಡು ಹಾರ್ಸಿದ್ರೆ ನಾಕೂರಿನವ್ರು ಏನಂತಾರೆ?"

"ಈಡು ಹಾರಿಸಿದ್ಮೇಲೆ ಬರೋ ಹೊಗೆನೂ ಬಿಳೀದೇ ಕಣಪ್ಪ. ಅದಕ್ಕೆ ಅಮ್ಮ ಒಂದಿನಾನೂ ಮುಖ ಸಿಂಡರಿಸಿಲ್ಲ."

ಅಯ್ಯಾಸಾಮಿ ಗೌಡರಿಗೆ ನಗು ಬಂದು, ಕೆಮ್ಮಿ ನುಂಗಿಕೊಂಡರು. ನಟರಾಜನಿಗೆ ನಗು ಬರಲಿಲ್ಲ. "ಹಂದಿ ಓಡ್ಸೋಕೆ ಆಳು ಕಳಿಸ್ತೀನಿ. ಕರೆಂಟ್ ಬೇಲಿ ಬೇಕಾ, ಹಾಕಿಸ್ಕೊಡ್ತೀನಿ. ಇನ್ನು ತುಪಾಕಿ ನಿಮಗೆ ಯಾವುದಕ್ಕೆ ಅತ್ತಿಗೆ?"

ಪೆರಿಯನಾಯಕಿ ನಳಿಗೆಯ ಮೇಲೆ ಎಣ್ಣೆ ಬಟ್ಟೆ ಎಳೆಯುತ್ತಿದ್ದ ಕೈಯನ್ನು ನಿಲ್ಲಿಸಿದಳು. ಬೆಳೆಗೆ ಎನ್ನಬಹುದಿತ್ತು. ಗಂಡನ ನೆನಪಿಗೆ ಎನ್ನಬಹುದಿತ್ತು. ಹಾಗೆಂದಿದ್ದರೆ ಬಂದವರು ಕಣ್ಣೊರೆಸಿಕೊಂಡು ಎದ್ದುಹೋಗುತ್ತಿದ್ದರೋ ಏನೋ. ಎರಡೂ ಸುಳ್ಳಲ್ಲ. ಆದರೆ ಎರಡೂ ಪೂರ್ತಿ ನಿಜವೂ ಅಲ್ಲ.

"ಆಟಕ್ಕೆ" ಎಂದಳು.

"ಏನು?"

"ಆಟಕ್ಕಪ್ಪ. ನಂಗಿಷ್ಟ. ಮದ್ದು ಅಳೆಯೋದು ಇಷ್ಟ, ಗಜ ಜಡಿಯೋದು ಇಷ್ಟ, ಢಂ ಅನ್ನೋದು ಇಷ್ಟ. ನೀನು ಆ ಮೋಟಾರ್ ಸೈಕಲ್ ಮೇಲೆ ಕೆಲಸ ಇಲ್ದಿದ್ರೂ ಸೂಲೂರು ತನಕ ಹೋಗಿ ಏರೋಪ್ಲೇನ್ ನೋಡ್ಕೊಂಡು ಬತ್ತೀಯಲ್ಲ, ಹಂಗೆ."

ಮಕ್ಕಳಿಲ್ಲದ, ಗಂಡನಿಲ್ಲದ, ನರೆತ ತಲೆಯ ಹೆಂಗಸೊಬ್ಬಳು ನನಗೆ ಇಷ್ಟ ಎಂದು ಹೇಳುವುದನ್ನು ಆ ಇಬ್ಬರೂ ಕೇಳಿರಲಿಲ್ಲ.

ಅಯ್ಯಾಸಾಮಿ ಗೌಡರು ತುಂಡುವಸ್ತ್ರವನ್ನು ಮತ್ತೆ ಹೆಗಲಿಗೆ ಹಾಕಿಕೊಂಡರು. "ಸರಿ. ಹಂಗಾದ್ರೆ ಅಮ್ಮನೇ ತೀರಿಸ್ಲಿ. ತೋಪಿಗೆ ಬಾ. ಒಂದೇ ಈಡು. ಕಾಯಿ ಒಡೀತಾ, ತುಪಾಕಿನೂ ಮೊದಲ ಈಡೂ ನಿನ್ನದೇ, ನೀನಿರೋ ತನಕ ಯಾರೂ ಮಾತಾಡಲ್ಲ. ಒಡೀಲಿಲ್ವಾ, ಅಲ್ಲೇ ನಟರಾಜನ ಕೈಗೆ ಕೊಟ್ಟು ಹೋಗಿ ಹೆಂಗಸ್ರ ಜತೆ ಒಲೆ ಮುಂದೆ ಕೂತ್ಕೋಬೇಕು. ಲೈಸೆನ್ಸಿಗೆ ನಾನೇ ಬಂದು ಸಾಕ್ಷಿ ಹೇಳ್ತೀನಿ."

"ಅಮ್ಮನ ಮುಂದೆ ನಿಂತು ಇದನ್ನೇ ಹೇಳ್ತೀರಾ ಮಾವ?"

"ಹೇಳ್ತೀನಿ."

"ಹಂಗಾದ್ರೆ ಬತ್ತೀನಿ."

ಅವರು ಹೋದರು. ಇಷ್ಟು ದಿನ ಆಟವಾಗಿದ್ದದ್ದು ಈಗ ಒಂದೇ ಒಂದು ಈಡಿನ ತುದಿಗೆ ಬಂದು ನಿಂತಿತ್ತು. ಅವಳು ಎದ್ದು, ಬಾವಿಯ ಬಳಿ ಹೋಗಿ, ಖಾಲಿ ಕೋವಿಗೆ ಒಂದು ಬರೀ ಕೇಪು ಇಟ್ಟು ಬಡಿದಳು. ನಳಿಗೆಯ ಬಾಯಿಯ ಮುಂದೆ ಹಿಡಿದಿದ್ದ ಬಾಳೆಲೆಯ ಚೂರು ಪಟಪಟ ಎಂದಿತು. ಕಿವಿ ಶುದ್ಧವಾಗಿದೆ, ಉಸಿರು ಆಡುತ್ತಿದೆ ಎಂದು ಸಮಾಧಾನವಾಯಿತು.

ದನದ ಪೊಂಗಲಿನ ದಿನ ಎತ್ತಿನ ಕೊಂಬಿಗೆ ಬಣ್ಣ ಹಚ್ಚಿ, ನೇಗಿಲು, ಮಚ್ಚು, ಗುದ್ದಲಿಗೆಲ್ಲ ಬೊಟ್ಟಿಟ್ಟು ಪೂಜೆ ಮಾಡುವುದು ವಾಡಿಕೆ. ಸುಬ್ಬಯ್ಯನ್ ಇದ್ದಾಗ ಕೋವಿಗೆ ಅವನೇ ಚಂದನ ಇಡುತ್ತಿದ್ದ. ಹಿಂಬದಿಯ ಮರದ ಹಿಡಿಗೆ ಮಾತ್ರ ಒಂದು ಬೊಟ್ಟು. ಈ ಸಲ ಪೆರಿಯನಾಯಕಿಯೇ ಇಡಬೇಕಾಗಿ ಬಂತು. ಸ್ಟೇಷನ್ನಿನಿಂದ ಬದುಕಿ ಬಂದ ಕೋವಿ. ನಾಳೆ ತನ್ನ ಮಾನ ಉಳಿಸಬೇಕಾದ ಕೋವಿ. ಅವಳು ಚಂದನದ ಕೊರಡನ್ನು ಬಹಳ ಹೊತ್ತು ತೇಯ್ದಳು. ದೇವರಿಗಾದರೆ ಹಣೆಗೆ ಇಡುವುದಲ್ಲವೇ, ಬೆನ್ನಿಗೆ ಇಡುತ್ತಾರೆಯೇ ಎಂದು ಅವಳಿಗೆ ಅನ್ನಿಸಿತು. ಕೋವಿಯ ಮುಖ ಎಂದರೆ ಕುದುರೆ ನಿಂತ ಜಾಗ. ಕುದುರೆಯನ್ನು ಎತ್ತಿ, ಅದರ ಹಣೆಗೆ, ಕೆಳಗಿನ ಮೊಳಕೆಯ ನೆತ್ತಿಗೆ, ಸುತ್ತಮುತ್ತ, ಕೈತುಂಬ ಚಂದನ ಬಳಿದು ಕುಂಕುಮ ಇಟ್ಟಳು. ಕರ್ಪೂರ ಬೆಳಗಿ ಕೆನ್ನೆಗೆ ಬಡಿದುಕೊಂಡಳು. ಬೆಳಿಗ್ಗೆ ಒಣಗಿದ ಚಂದನವನ್ನು ಸೆರಗಿನಿಂದ ಒರೆಸಿ ತೆಗೆದಾಗ ಕಬ್ಬಿಣ ಹೊಳೆಯುತ್ತಿತ್ತು. ಹೊರಗೆ ಎಲ್ಲ ಸರಿಯಿತ್ತು.

ತೋಪಿನಲ್ಲಿ ಬೇವಿನ ಕೊಂಬೆಗೆ ಕಾಯಿ ಕಟ್ಟಿದ್ದರು. ಅದರ ಹಿಂದೆ ಎತ್ತರದ ಮಣ್ಣಿನ ದಿಬ್ಬ. ಹುತ್ತಕ್ಕೆ ಅರಿಸಿನದ ಸೀರೆ ಸುತ್ತಿದ್ದರು. ಗಂಡಸರು ಒಂದು ಕಡೆ ಸಾಲಾಗಿ ಕೋವಿಗಳನ್ನು ಮರಕ್ಕೆ ಒರಗಿಸಿ ನಿಂತಿದ್ದರು. ಇನ್ನೊಂದು ಕಡೆ ಒಲೆಗಳ ಹೊಗೆಯ ನಡುವೆ ಹೆಂಗಸರು. ಉರುಮೆಯವನು ವಾದ್ಯವನ್ನು ಬೆಂಕಿಗೆ ಕಾಯಿಸುತ್ತಿದ್ದ. ಪೆರಿಯನಾಯಕಿ ಬಿಳಿ ಸೀರೆಯಲ್ಲಿ, ಕೋವಿ ಹೆಗಲಿಗೇರಿಸಿಕೊಂಡು, ಎರಡು ಗುಂಪಿನ ನಡುವಿನ ಖಾಲಿ ಜಾಗದಲ್ಲಿ ನಡೆದು ಬಂದಳು. ಯಾವ ಕಡೆಯವರೂ ಬಾ ಎನ್ನಲಿಲ್ಲ.

ಅಯ್ಯಾಸಾಮಿ ಗೌಡರು ಮಾತಿಗೆ ತಪ್ಪಲಿಲ್ಲ. ಅಮ್ಮನ ಮುಂದೆ ನಿಂತು, ಎಲ್ಲರಿಗೂ ಕೇಳುವಂತೆ ಕರಾರನ್ನು ಹೇಳಿದರು. ಒಂದೇ ಈಡು ಎನ್ನುವಾಗ ಒಂದು ಬೆರಳನ್ನೂ ಎತ್ತಿ ತೋರಿಸಿದರು.

ಅವಳು ಕೂತು ತುಂಬಿಸತೊಡಗಿದಳು. ಮದ್ದು. ನಾರು. ಗಜ ಜಡಿದು, ಗುಂಡು. ಮತ್ತೆ ನಾರು. ಯಾರೋ ಗಂಡಸು, "ಏ, ಅಡಿಗೆಗೆ ಒಗ್ಗರಣೆ ಹಾಕ್ದಂಗೆ ಹಾಕ್ತಾಳಲ್ಲಪ್ಪ!" ಎಂದ. "ಉಪ್ಪು ಸರಿಯಾಗಿದ್ಯಾ ನೋಡ್ಬಿಡಿ ಅತ್ತಿಗೆ" ಎಂದ ಇನ್ನೊಬ್ಬ. ಅವಳು ತಲೆ ಎತ್ತಲಿಲ್ಲ. ಎದ್ದು ನಿಂತು, ಕೇಪು ಇಟ್ಟು, ಕುದುರೆ ಎಳೆದು, ಹಿಡಿಯನ್ನು ಭುಜಕ್ಕೆ ಒತ್ತಿಕೊಂಡಳು. ಕೆನ್ನೆಗೆ ಮರದ ತಂಪು. ಕಾಯಿ, ನಳಿಗೆಯ ತುದಿ, ತನ್ನ ಕಣ್ಣು ಒಂದೇ ಗೆರೆಗೆ ಬಂದವು. ಅಮ್ಮಾ ಎಂದು ಒಳಗೇ ಅಂದುಕೊಂಡು ಬೆರಳು ಮಡಚಿದಳು.

ಟಪ್ಪ್.

ಅಷ್ಟೇ. ಕೇಪು ಸಿಡಿಯಿತು, ಕಣ್ಣ ಬಳಿ ಒಂದು ಚಿಟಿಕೆ ಹೊಗೆ ಎದ್ದಿತು. ಕೋವಿ ಮೂಕವಾಗಿತ್ತು. ಕಾಯಿ ಕೊಂಬೆಯಲ್ಲಿ ಅಲುಗಾಡದೆ ನಿಂತಿತ್ತು.

ಗಂಡಸರ ಸಾಲಿನಲ್ಲಿ ನಗು ಹರಿದಾಡಿತು. ಉರುಮೆಯವನು ಗೊತ್ತಾಗದೆ ಒಂದು ಪೆಟ್ಟು ಹಾಕಿ ನಿಲ್ಲಿಸಿದ. ಅಯ್ಯಾಸಾಮಿ ಗೌಡರು ನಗಲಿಲ್ಲ. ಅವರು ಹುತ್ತದ ಕಡೆ ತಿರುಗಿ ಕೈಮುಗಿದರು. "ಅಮ್ಮ ಬೇಡ ಅಂದ್ಬಿಟ್ಲು ಅಮ್ಮಣಿ" ಎಂದರು ಮೆಲ್ಲಗೆ.

ನಗುವಿಗಿಂತ ಆ ಮೆಲುದನಿ ಅವಳಿಗೆ ಹೆಚ್ಚು ನಾಟಿತು. ಈ ಮನೆಗೆ ಬಂದಾಗಿನಿಂದ ಅಮ್ಮನನ್ನು ಕೇಳದೆ ಅವಳು ಒಂದು ಬೀಜವನ್ನೂ ಬಿತ್ತಿದವಳಲ್ಲ. ನಿಜವಾಗಿ ಬೇಡ ಅಂದಳೇ? ನನ್ನ ಆಟವನ್ನು ಅವಳೂ ಮೆಚ್ಚಲಿಲ್ಲವೇ? ಆದರೂ ಕೈ ಮಾತ್ರ ಕಲಿತದ್ದನ್ನು ಮರೆಯಲಿಲ್ಲ. ಹೊಡೆಯದ ಕೋವಿಯನ್ನು ಇಳಿಸಬಾರದು. ಕಿಡಿ ಒಳಗೆಲ್ಲೋ ಮಲಗಿದ್ದು ತಡವಾಗಿ ಏಳಬಹುದು. ಅವಳು ನಳಿಗೆಯನ್ನು ಮಣ್ಣಿನ ದಿಬ್ಬದ ಕಡೆಗೇ ಹಿಡಿದು, ಭುಜದಿಂದ ತೆಗೆಯದೆ, ಕಲ್ಲಿನ ಹಾಗೆ ನಿಂತಳು.

ಆಗ ಮೂಗಿಗೆ ವಾಸನೆ ಬಂತು. ಕೇಪಿನ ಕಟುವಾದ ವಾಸನೆಯ ಹಿಂದೆ ಮತ್ತೊಂದು. ದೇವರ ಕೋಣೆಯ ವಾಸನೆ. ಸುಟ್ಟ ಚಂದನ.

ಪೆರಿಯನಾಯಕಿಗೆ ನಗು ತಡೆಯಲಾಗಲಿಲ್ಲ. ಕಿವಿಯೊಳಗೆ ಚಂದನ ಇಳಿದು, ಒಣಗಿ, ಗಟ್ಟಿಯಾಗಿ ಕೂತಿದೆ. ಬೇರೆ ಯಾರೂ ಇಟ್ಟದ್ದಲ್ಲ. ತಾನೇ, ಭಕ್ತಿ ಹೆಚ್ಚಾಗಿ, ಕೋವಿಯನ್ನು ಕಿವುಡು ಮಾಡಿದ್ದಳು.

ನಟರಾಜನ್ ಹತ್ತಿರ ಬಂದು ಎರಡೂ ಕೈ ಚಾಚಿದ. "ಕೊಡಿ ಅತ್ತಿಗೆ. ಆಯ್ತಲ್ಲ. ಮನಸ್ಸಿಗೆ ಹಚ್ಕೋಬೇಡಿ."

"ಏನಾಯ್ತು?"

"ಒಂದು ಈಡು ಅಂತ ಮಾತು. ಒಂದು ಆಯ್ತು."

"ಎಲ್ಲಪ್ಪ ಆಯ್ತು? ಈಡು ಇನ್ನೂ ಒಳಗೇ ಅದೆ. ಮದ್ದು ಅದೆ, ಗುಂಡು ಅದೆ. ಬೇಕಾದ್ರೆ ಹಂಗೇ ತಗೊಂಡು ಹೋಗು. ನಿನ್ನ ಮನೇಲಿ ಮೊಳೆ ಹೊಡೆದು ನೇತಾಕು. ಇವತ್ತು ಏಳ್ತದೋ, ನೀನು ಉಣ್ಣೋಕೆ ಕೂತಾಗ ಏಳ್ತದೋ, ನಂಗೊತ್ತಿಲ್ಲ."

ಚಾಚಿದ ಕೈಗಳು ಹಿಂದಕ್ಕೆ ಹೋದವು. ಈ ಸಲ ನಗು ಒಲೆಗಳ ಕಡೆಯಿಂದ ಬಂತು.

"ಅಮ್ಮ ಬೇಡ ಅಂದ್ಲಲ್ಲ, ಮತ್ತೇನು ವಾದ?" ಎಂದರು ಅಯ್ಯಾಸಾಮಿ ಗೌಡರು, ಈಗ ಸ್ವಲ್ಪ ಗಡುಸಾಗಿ.

ಅವಳು ಕೋವಿಯನ್ನು ಹಾಗೇ ದಿಬ್ಬಕ್ಕೆ ಹಿಡಿದುಕೊಂಡೇ ಮುಖ ಮಾತ್ರ ಅವರತ್ತ ತಿರುಗಿಸಿದಳು. "ಮಾವ, ನೀವು ಹಿರಿಯರು. ನಿಮ್ಮ ಮಾತಿಗೆ ನಾನು ತಲೆ ಬಗ್ಸಿದೀನಿ. ಆದ್ರೆ ಅಮ್ಮನ ಬಾಯಲ್ಲಿ ನೀವು ಮಾತು ಇಡಬೇಡಿ. ಅವಳು ಬೇಡ ಅನ್ನಲಿಲ್ಲ. ನಾನು ಇಟ್ಟ ಚಂದನ ಕಿವೀಲಿ ಕೂತದೆ. ತಪ್ಪು ನಂದು, ಅವಳದಲ್ಲ. ನಾನು ಚಂದನ ತೆಗೀತೀನಿ, ಆಮೇಲೆ ಅವಳು ಏನಂತಾಳೋ ಕೇಳೋಣ. ಒಂದು ಪಿನ್ನು ಕೊಡಿ ಯಾರಾದ್ರೂ."

ಕಿವಿ ಬಿಡಿಸುವ ಸಣ್ಣ ತಂತಿ ಮನೆಯಲ್ಲಿ, ಗಂಡನ ಡಬ್ಬಿಯಲ್ಲಿ ಉಳಿದಿತ್ತು. ಸಾಲಿನಲ್ಲಿದ್ದ ಗಂಡಸರ ಹತ್ತಿರವೂ ಅಂಥ ತಂತಿಗಳಿದ್ದವು. ಅವರು ನಟರಾಜನ ಮುಖ ನೋಡಿದರು, ಅಯ್ಯಾಸಾಮಿ ಗೌಡರ ಮುಖ ನೋಡಿದರು, ಆಮೇಲೆ ತಮ್ಮ ಕಾಲಬೆರಳುಗಳನ್ನು ನೋಡಿಕೊಂಡರು.

"ಪಿನ್ನು ಕೇಳ್ದೆ" ಎಂದಳು ಪೆರಿಯನಾಯಕಿ ಮತ್ತೊಮ್ಮೆ. "ತಲೆ ಕೇಳ್ಲಿಲ್ಲ."

ಒಲೆಗಳ ಹೊಗೆಯಿಂದ ಒಬ್ಬಳು ಎದ್ದು ಬಂದಳು. ಅಯ್ಯಾಸಾಮಿ ಗೌಡರ ಹೆಂಡತಿ ಕನ್ನಿಯಮ್ಮಾಳ್. ಬೆನ್ನು ಬಾಗಿದ ಮುದುಕಿ. ಕೈಯಲ್ಲಿ ಪೊಂಗಲ್ ತಿರುವುವ ಸೌಟು ಇನ್ನೂ ಇತ್ತು. ಅದನ್ನು ಗಂಡನ ಕೈಗೆ ಹಿಡಿಸಿದಳು. ಅವರು ಯೋಚಿಸದೆ ಹಿಡಿದುಕೊಂಡರು. ಕನ್ನಿಯಮ್ಮಾಳ್ ಕುತ್ತಿಗೆಗೆ ಕೈ ಹಾಕಿ ತಾಳಿಯ ದಾರವನ್ನು ಹೊರಗೆಳೆದಳು. ಆ ದಾರದಲ್ಲಿ, ಈ ಸೀಮೆಯ ಮುತ್ತೈದೆಯರೆಲ್ಲರ ಹಾಗೆ, ಬೇಕಾದಾಗ ಸಿಗಲಿ ಎಂದು ಪಿನ್ನುಗಳ ಒಂದು ಗೊಂಚಲೇ ತೂಗುತ್ತಿತ್ತು. ಅದರಲ್ಲಿ ತೆಳ್ಳಗಿನದೊಂದನ್ನು ಹುಡುಕಿ ಬಿಡಿಸತೊಡಗಿದಳು.

"ಏಯ್! ತಾಳೀಲಿರೋದು ಕಣೇ ಅದು!" ಅಯ್ಯಾಸಾಮಿ ಗೌಡರ ದನಿ ಒಡೆಯಿತು. ಗಂಡ ಸತ್ತವಳ ಕೈಗೆ ತಾಳಿಯಿಂದ ಬಿಚ್ಚಿದ ವಸ್ತು ಹೋಗುವುದನ್ನು ಆ ತೋಪಿನಲ್ಲಿ ಯಾರೂ ಕಂಡಿರಲಿಲ್ಲ.

"ಪಿನ್ನು ತಾನೇ ಕೊಡ್ತಿರೋದು? ತಾಳಿ ಕೊಡ್ತಿದೀನಾ?" ಎಂದಳು ಕನ್ನಿಯಮ್ಮಾಳ್. "ಒಂದು ಪಿನ್ನು ಹೋದ್ರೆ ಹೋಗೋಷ್ಟು ಆಯಸ್ಸೇನ್ರೀ ನಿಮ್ದು? ಸೌಟು ನೆಟ್ಟಗೆ ಹಿಡ್ಕೊಳ್ಳಿ, ಪಂಚೆ ಮೇಲೆ ಸುರೀತದೆ."

ತೋಪು ಹೋ ಎಂದಿತು. ಅಯ್ಯಾಸಾಮಿ ಗೌಡರು ಸೌಟನ್ನು ನೆಟ್ಟಗೆ ಹಿಡಿದುಕೊಂಡರು.

ಕನ್ನಿಯಮ್ಮಾಳ್ ಪಿನ್ನನ್ನು ಪೆರಿಯನಾಯಕಿಯ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮಡಚಿದಳು. "ಬೇಗ ಮಾಡೇ ಪೆರಿಯಾ. ಪೊಂಗಲ್ ತಳ ಹತ್ತುತದೆ."

ಪೆರಿಯನಾಯಕಿ ನೆಲದ ಮೇಲೆ ಕಾಲು ನೀಡಿ ಕೂತಳು. ನಳಿಗೆ ದಿಬ್ಬದ ಕಡೆಗೇ. ಸಿಡಿದ ಕೇಪನ್ನು ಉಗುರಿನಿಂದ ಎಬ್ಬಿಸಿ ಎಸೆದಳು. ಪಿನ್ನಿನ ಮೊನೆಯನ್ನು ಕಿವಿಯೊಳಗೆ ಇಳಿಸಿ ತಿರುಗಿಸಿದಳು. ಕರಿದಾದ ಚಂದನದ ಪುಡಿ ಒಂದಿಷ್ಟು ಬಂತು. ಅದನ್ನು ಎಡಗೈ ಬೆರಳಿನಿಂದ ತೆಗೆದು ಹಣೆಗೆ ಇಟ್ಟುಕೊಂಡಳು. ಯಾರೋ ಅಯ್ಯೋ ಎಂದರು. ಬಿಳಿ ಸೀರೆಯವಳ ಹಣೆಯ ಮೇಲೆ ಕಪ್ಪು ಬೊಟ್ಟು ಕೂತಿತು. ಅವಳು ಮತ್ತೆ ತಿರುಗಿಸಿದಳು, ಊದಿದಳು, ಮೊನೆ ತಡೆಯಿಲ್ಲದೆ ಇಳಿಯುವ ತನಕ ಬಿಡಲಿಲ್ಲ. ಕಡೆಗೆ ಮದ್ದಿನ ಡಬ್ಬಿಯಿಂದ ನಾಲ್ಕು ಕಾಳು ತೆಗೆದು ಕಿವಿಗೆ ಹಾಕಿ ಮೆಲ್ಲಗೆ ತಟ್ಟಿದಳು. ಮಗುವಿಗೆ ಕಿವಿಯಲ್ಲಿ ಹೆಸರು ಹೇಳುವವಳ ಹಾಗೆ ಬಗ್ಗಿ ಏನೋ ಅಂದಳು. ಅದು ಅವಳಿಗೂ ಕೋವಿಗೂ ಮಾತ್ರ ಗೊತ್ತು.

ಎದ್ದಳು. ಹೊಸ ಕೇಪು. ಕುದುರೆ ಎಳೆದಳು.

"ಮಾವ" ಎಂದಳು, ಕಣ್ಣು ಕಾಯಿಯ ಮೇಲೇ ಇಟ್ಟು. "ಇದು ಎರಡನೇದಲ್ಲ. ಇದೇ ಮೊದಲನೇದು."

ಅಯ್ಯಾಸಾಮಿ ಗೌಡರು ಸೌಟು ಹಿಡಿದು ನಿಂತಿದ್ದರು.

ಈ ಸಲ ಅವಳು ಅಮ್ಮನನ್ನು ಏನೂ ಕೇಳಿಕೊಳ್ಳಲಿಲ್ಲ. ಕೇಳಿಕೊಳ್ಳುವುದಕ್ಕೆ ಏನೂ ಉಳಿದಿರಲಿಲ್ಲ. ಉಸಿರು ಅರ್ಧ ಬಿಟ್ಟು ಹಿಡಿದಳು. ಬಾವಿಯ ದಂಡೆ, ಸಂಜೆಯ ಹೆಂಚು, ಪಕ್ಕದಲ್ಲಿ ಎಲೆಯಡಿಕೆ ಜಗಿಯುತ್ತಾ ಸೋಲುವುದಕ್ಕೆ ಕಾಯುತ್ತಿದ್ದವನು. ಒಳಗಿನ ಸದ್ದೆಲ್ಲ ಅಡಗಿತು. ಬೆರಳು ಮಡಚಿತು.

ಢಂ!

ಬೇವಿನ ಮರದ ಕಾಗೆಗಳೆಲ್ಲ ಒಟ್ಟಿಗೆ ಎದ್ದವು. ಬಿಳಿ ಹೊಗೆ ತೋಪನ್ನು ತುಂಬಿ, ಬಿಳಿ ಸೀರೆಯನ್ನು ನುಂಗಿ, ಒಂದು ಗಳಿಗೆ ಅಲ್ಲಿ ಹೆಂಗಸಿಲ್ಲ, ಹೊಗೆ ಮಾತ್ರ ಎಂಬಂತೆ ಮಾಡಿತು. ಹೊಗೆ ಸರಿದಾಗ ಕೊಂಬೆಯಲ್ಲಿ ಹಗ್ಗದ ತುದಿಗೆ ಒಂದಿಷ್ಟು ನಾರು ತೂಗುತ್ತಿತ್ತು. ಕಾಯಿಯ ಚೂರುಗಳು ದಿಬ್ಬದ ಬುಡದಲ್ಲಿ ಬೆಳ್ಳಗೆ ಬಿದ್ದಿದ್ದವು. ನೀರು ಮಣ್ಣಿಗೆ ಇಂಗುತ್ತಿತ್ತು.

ಉರುಮೆಯವನಿಗೆ ಯಾರೂ ಹೇಳಲಿಲ್ಲ. ಅವನೇ ಬಾರಿಸತೊಡಗಿದ. ಒಲೆಗಳ ಕಡೆಯಿಂದ ಹೆಂಗಸರ ಕುಲವೆ, ನಾಲಿಗೆ ಹೊರಳಿಸಿ ಹಾಕುವ ಆ ಕೂಗು, ಎದ್ದಿತು.

ನಟರಾಜನ್ ಚೂರುಗಳನ್ನೂ ಅವಳನ್ನೂ ನೋಡಿ, "ಪಿನ್ನು ಹಾಕಿ ಹೊಡೆದ್ರೆ ಯಾರು ಬೇಕಾದ್ರೂ ಹೊಡೀತಾರೆ" ಎಂದು ಗೊಣಗಿದ. ಅದಕ್ಕೆ ಅರ್ಥವಿಲ್ಲವೆಂದು ಅವನಿಗೇ ಗೊತ್ತಿತ್ತು. ತನ್ನ ಸರದಿಗೂ ಕಾಯದೆ ಹೋಗಿ ರಾಜದೂತ್ ಒದ್ದ. ಮೊದಲ ಒದೆತಕ್ಕೆ ಅದು ಹತ್ತಲಿಲ್ಲ. ಎರಡನೆಯದಕ್ಕೂ ಹತ್ತಲಿಲ್ಲ. "ಅದರ ಕಿವೀಲೂ ಚಂದನ ಅದೆಯಾ ನೋಡು ಮೈದ್ನಾ!" ಎಂದು ಹೆಂಗಸರ ಕಡೆಯಿಂದ ಯಾರೋ ಕೂಗಿದರು. ಕಡೆಗೆ ಹತ್ತಿತು, ಅವನು ಹಿಂದೆ ನೋಡದೆ ಹೋದ.

ಅಯ್ಯಾಸಾಮಿ ಗೌಡರು ಕಾಯಿಯ ದೊಡ್ಡ ಚೂರೊಂದನ್ನು ಆರಿಸಿ, ಅಮ್ಮನ ಮುಂದಿಟ್ಟು, ಕುಂಕುಮ ಹಚ್ಚಿ, ತಂದು ಪೆರಿಯನಾಯಕಿಗೆ ಕೊಟ್ಟರು. "ಸರಿ ಅಮ್ಮಣಿ. ಆಡಿದ ಮಾತು ಆಡಿದ್ದೇ. ತುಪಾಕಿ ನಿಂದು. ಮೊದಲ ಈಡು ನಿಂದು." ಸ್ವಲ್ಪ ತಡೆದು, ಹಿರಿಯರ ದನಿಯನ್ನು ಮತ್ತೆ ಹುಡುಕಿಕೊಂಡು, "ಇನ್ನು ಒರೆಸಿ ಒಳಗಿಡು. ವರ್ಷಕ್ಕೊಂದು ಸಾಕು. ಅಮ್ಮನ ಕೆಲಸಕ್ಕೆ ಬಿಟ್ರೆ ಬೇರೆ ಯಾವುದಕ್ಕೂ ತೆಗೀಬೇಡ" ಎಂದರು.

ಪೆರಿಯನಾಯಕಿ ಚೂರನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡಳು. ಸಿಹಿಯಾಗಿತ್ತು. ಜಗಿಯುತ್ತಾ, ಅಲ್ಲೇ ನೆಲದ ಮೇಲೆ ಕೂತು, ಎಣ್ಣೆ ಬಟ್ಟೆಯನ್ನು ಗಜದ ತುದಿಗೆ ಸುತ್ತಿ ನಳಿಗೆಯ ಮಸಿಯನ್ನು ತೆಗೆದಳು. ಆಮೇಲೆ ಬಿದಿರಿನ ಅಳತೆಗೆ ಮದ್ದು ಸುರಿದಳು.

"ಏನಮ್ಮಣಿ ಇದು? ಕಾಯಿ ಒಡೀತಲ್ಲ?"

"ಒಡೀತು ಮಾವ."

"ಮತ್ತೆ ಇನ್ನೊಂದು ಕಾಯಿ ಕಟ್ಟಿಲ್ಲ."

"ಕಾಯಿ ಬೇಡ." ನಾರಿನ ಉಂಡೆ ಇಟ್ಟು ಗಜ ಜಡಿದಳು. ಟಣ್ ಎಂದು ಕಬ್ಬಿಣ ಹಾಡಿತು. ಈ ಸಲ ಸೀಸದ ಗುಂಡು ಹಾಕಲಿಲ್ಲ.

"ಮತ್ತೆ? ಅಮ್ಮನಿಗಾ?"

"ಅಮ್ಮಂದು ಆಯ್ತು ಮಾವ. ಇದು ನಂದು."

ಅವಳು ಎದ್ದು, ಗಂಡಸರ ಸಾಲನ್ನೂ ಒಲೆಗಳನ್ನೂ ಹಿಂದೆ ಬಿಟ್ಟು, ತೋಪಿನ ಅಂಚಿಗೆ ಬಂದು ನಿಂತಳು. ಎದುರಿಗೆ ಕಡಲೆಯ ಬಯಲು, ಅದರಾಚೆ ಕಾಲುವೆ, ಕಾಲುವೆಯ ದಂಡೆಯ ಮೇಲೆ ತಾಳೆಮರಗಳು. ಕನ್ನಿಯಮ್ಮಾಳ್ ಅವಳ ಹಿಂದೆಯೇ ಬಂದು, ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು, ಮುಚ್ಚಿದ ಕಿವಿಯಲ್ಲೇ, "ಹೊಡಿಯೇ, ಹೊಡಿ!" ಎಂದು ಜೋರಾಗಿ ಕೂಗಿದಳು.

ಪೆರಿಯನಾಯಕಿ ನಳಿಗೆಯನ್ನು ಆಕಾಶಕ್ಕೆ ಎತ್ತಿ ಹಾರಿಸಿದಳು. ಸದ್ದು ಬಯಲಿನ ಮೇಲೆ ಉರುಳಿಕೊಂಡು, ಕಾಲುವೆ ದಾಟಿ, ತಾಳೆಮರಗಳನ್ನು ದಾಟಿ ಹೋಯಿತು. ಅದು ಎಲ್ಲಿ ಅಡಗುತ್ತದೆಂದು ಅವಳು ತಲೆ ವಾರೆ ಮಾಡಿ ಬಹಳ ಹೊತ್ತು ಕೇಳುತ್ತಾ ನಿಂತಳು. ಆಮೇಲೆ ಬಿದಿರಿನ ಅಳತೆಯನ್ನು ಮತ್ತೆ ತೆಗೆದಳು.